ಕಟ್ಟೆ ಬನ್ನಿ, ಗುಡ್ಡದ ಬನ್ನಿ

ಅಕ್ಟೋಬರ್ 13, 2024, ಭಾನುವಾರ
ಹಿರಿಯೂರು ತಾಲ್ಲೂಕು

ನಿನ್ನೆ ಬನ್ನಿ ಕೊಟ್ಟು ತಗೊಳ್ಳೋದು ಮುಗಿದು ಎಲ್ಲರೂ ಊಟಕ್ಕೆ ಕೂತಾಗ ಭಾವ ತಕರಾರು ತೆಗೆದರು. ನಮ್ಮೂರ ಕಟ್ಟೆ ಮೇಲಿರೋದು ಬನ್ನಿಯೇ ಅಲ್ಲವಂತೆ, ಅಸಲಿ ಬನ್ನಿ ಅವರೂರ ಗುಡ್ಡದಲ್ಲಿದೆಯಂತೆ. ಅಣ್ಣನ ಮಗಳು ಬಿಎಸ್ಸಿ ಓದುತ್ತಿದ್ದಾಳೆ. ಎರಡು ಎಲೆಗಳ ಫೋಟೊ ತೆಗೆದು ಫೋನಿನ ಆ್ಯಪ್‌ಗೆ ಕೊಟ್ಟಳು. ಎರಡಕ್ಕೂ ಅದು ಅಕೇಶಿಯಾ, ಅಂದರೆ ಜಾಲಿಗಳ ಗುಂಪಿನದು, ಅಂದಿತು. ಹೇಗೂ ಅವಳಿಗೆ ಕಾಲೇಜಿಗೆ ಗಿಡಗಳ ಮಾದರಿ ಒಣಗಿಸಿ ಕೊಡೋದಿತ್ತು. ಬೆಳಿಗ್ಗೆ ಕಾಫಿ ಕುಡಿದವರೇ ಒಂದು ಭೂತಗನ್ನಡಿ, ಹಳೇ ಪೇಪರ್ ಹಿಡಿದು ಇಬ್ಬರೂ ಹೊರಟೆವು.

ಮೊದಲು ಕಟ್ಟೆ. ನಿನ್ನೆ ಇಡೀ ಊರು ಕಿತ್ತಿದ್ದರಿಂದ ಕೈಗೆ ಸಿಗುವ ಕೊಂಬೆಗಳೆಲ್ಲ ಬೋಳಾಗಿದ್ದವು. ಕೆಳಗೆ ಬಿದ್ದಿದ್ದ ರೆಂಬೆಗಳನ್ನೇ ಆರಿಸಿಕೊಂಡೆವು. ಹೂವಿಲ್ಲ, ಕಾಯಿಲ್ಲ. ಬರೀ ಎಲೆ, ಮುಳ್ಳು. ಈ ಜಾತಿಯ ಮರಗಳ ಎಲೆ ಎರಡು ಸಲ ಸೀಳಿರುತ್ತೆ: ನಡುವೆ ಒಂದು ದಂಟು, ಅದರ ಎರಡೂ ಕಡೆ ಜೋಡಿ ಜೋಡಿ ಕಡ್ಡಿ, ಆ ಕಡ್ಡಿಗಳಿಗೆ ಪುಟ್ಟ ಎಲೆಗಳು. ದೂರದಿಂದ ಎಲ್ಲಾ ಒಂದೇ. ಆದರೆ ಎಣಿಸಿದರೆ ಬೇರೆ. ಕಟ್ಟೆ ಮರದ ಎಲೆಯಲ್ಲಿ ಕಡ್ಡಿ ಎರಡೇ ಜೋಡಿ. ಕೆಲವದರಲ್ಲಿ ಮೂರು, ಒಂದೆರಡರಲ್ಲಿ ಒಂದೇ. ಪ್ರತಿ ಕಡ್ಡಿಗೆ ಹತ್ತು ಹನ್ನೆರಡು ಜೋಡಿ ಎಲೆ. ಇನ್ನು ಮುಳ್ಳು ನೋಡಿ. ಗಿಡ್ಡ, ಬುಡ ದಪ್ಪ, ಒಂದೊಂದೇ. ಎಲೆ ಹುಟ್ಟುವ ಗೆಣ್ಣಿನಲ್ಲಿಲ್ಲ, ಎರಡು ಗೆಣ್ಣುಗಳ ನಡುವೆ ಎಲ್ಲೆಂದರಲ್ಲಿ ಎದ್ದಿದೆ. ಇದು ಶಮಿ. ಪುಸ್ತಕದ ಹೆಸರು ಪ್ರೊಸೊಪಿಸ್ ಸಿನೆರೇರಿಯಾ. ರಾಜಸ್ಥಾನದವರು ಖೇಜ್ರಿ ಅನ್ನುತ್ತಾರೆ, ಎಳೇ ಕಾಯಿ ಒಣಗಿಸಿಟ್ಟುಕೊಂಡು ಪಲ್ಯ ಮಾಡ್ತಾರೆ. ಅಂದರೆ ನಮ್ಮ ಕಟ್ಟೆ ಮರ ಅಕೇಶಿಯಾ ಗುಂಪಿನದೇ ಅಲ್ಲ, ಆ್ಯಪ್ ಏನೇ ಹೇಳಲಿ.

ಆಮೇಲೆ ಸ್ಕೂಟರ್ ಹತ್ತಿ ಭಾವನ ಗುಡ್ಡಕ್ಕೆ. ಅವರು ಹೇಳಿದ್ದ ಮರ ಅರ್ಧ ಗುಡ್ಡ ಹತ್ತಿದ ಮೇಲೆ ಸಿಕ್ಕಿತು. ಅಲ್ಲೂ ನಿನ್ನೆಯ ಕುಂಕುಮ, ಊದುಬತ್ತಿ ಕಡ್ಡಿ. ಈ ಮರದಲ್ಲೂ ಹೂವಿಲ್ಲ. ಎಲೆಯ ಕಡ್ಡಿ ನಾಲ್ಕೈದು ಜೋಡಿ, ಪ್ರತಿ ಕಡ್ಡಿಗೆ ಇಪ್ಪತ್ತರ ಆಚೀಚೆ ಜೋಡಿ ಎಲೆ. ಬಣ್ಣದಲ್ಲಿ ಸ್ವಲ್ಪ ಬೂದು ಛಾಯೆ. ಮುಳ್ಳು ಗೆಣ್ಣಿನಲ್ಲೇ, ಜೋಡಿಯಾಗಿ, ಗಿಡ್ಡಕ್ಕೆ. ಕೆಲವು ಕೊಂಬೆಗಳಲ್ಲಿ ಮುಳ್ಳೇ ಇಲ್ಲ. ಬುಡದಲ್ಲಿ ಕೆದಕಿದಾಗ ಒಂದು ಹಳೇ ಕಾಯಿ ಸಿಕ್ಕಿತು. ಚಪ್ಪಟೆ, ಕಂದು, ಮೇಲೆಲ್ಲ ಸಣ್ಣ ನರ. ಶಮಿ ಕಾಯಿಯಾಗಿದ್ದರೆ ಸಣ್ಣಗೆ, ಉದ್ದಕ್ಕೆ, ಉರುಟಾಗಿ ಇರಬೇಕಿತ್ತು. ಹಾಗಾಗಿ ಇದು ಅಕೇಶಿಯಾ ಫೆರುಜಿನಿಯಾ. ಕನ್ನಡದಲ್ಲಿ ಇದಕ್ಕೂ ಬನ್ನಿ ಅಂತಲೇ ಹೆಸರು.

ಭಾವನಿಗೆ ಅಲ್ಲಿಂದಲೇ ಫೋನ್ ಮಾಡಿ ಹೇಳಿದೆ, ನಿಮ್ಮದೂ ಬನ್ನಿ, ನಮ್ಮದೂ ಬನ್ನಿ, ಮರ ಮಾತ್ರ ಬೇರೆ ಅಂತ. "ಹಂಗಾದ್ರೆ ಅಸಲಿ ಯಾವುದು?" ಅಂತ ಬಿಡಲಿಲ್ಲ. ಪೂಜೆಗೆ ಊರಿನವರು ಯಾವುದನ್ನು ಬನ್ನಿ ಅಂತಾರೋ ಅದೇ ಬನ್ನಿ, ನನಗೇನೂ ತಕರಾರಿಲ್ಲ. ಮಹಾರಾಷ್ಟ್ರದ ಕಡೆ ಆಪ್ತ ಅನ್ನುವ, ಮಂದಾರದ ಹಾಗೆ ನಡುವೆ ಸೀಳಿದ ಎಲೆ ಹಂಚುತ್ತಾರೆ. ಅದಕ್ಕೂ ಇವೆರಡಕ್ಕೂ ನೋಡೋಕೆ ಏನೇನೂ ಹೋಲಿಕೆ ಇಲ್ಲ.

ಬರೀ ಎಲೆ ಎಣಿಸಿದರೆ ಇಷ್ಟು ಕೆಲಸ ಆಗೋದು ಬನ್ನಿಯಲ್ಲಿ ಮಾತ್ರ. ಜಾಲಿಗಳಿಗೆ ಬಂದರೆ ಎಣಿಕೆ ಒಂದರ ಮೇಲೊಂದು ಹತ್ತಿ ಕೂರುತ್ತೆ. ಕರಿಜಾಲಿಗೆ ಕಡ್ಡಿ ಮೂರರಿಂದ ಎಂಟು ಜೋಡಿ, ಬಿಳಿಜಾಲಿಗೆ ಐದರಿಂದ ಹದಿನೈದು. ಆರು ಜೋಡಿ ಇದ್ದರೆ ಏನು ಮಾಡ್ತೀರಿ? ಅದಕ್ಕೇ ನಾನು ಮೊದಲು ಎರಡು ಪ್ರಶ್ನೆ ಕೇಳೋದು: ಹೂ ಉಂಡೆಯೋ, ತೆನೆಯೋ? ಮುಳ್ಳು ನೆಟ್ಟಗಿದೆಯೋ, ಕೊಕ್ಕೆಯೋ?

ಕೆರೆ ಏರಿ ಕೆಳಗೆ ಕರಿಜಾಲಿ ಸಾಲಾಗಿ ನಿಂತಿವೆ. ಹಳೇ ಮೈಸೂರಿನವರ ಗೊಬ್ಬಳಿ ಇದೇ. ಗಾಡಿ, ನೇಗಿಲಿಗೆ ಈ ಮರವೇ ಬೇಕಿತ್ತು. ಕಪ್ಪು ತೊಗಟೆ, ಉದ್ದುದ್ದ ಬಿರುಕು. ಎಳೇ ರೆಂಬೆಯಲ್ಲಿ ಬಿಳಿ ಮುಳ್ಳು, ಜೋಡಿ ಜೋಡಿ, ನೆಟ್ಟಗೆ. ಹೂ ಅಚ್ಚ ಹಳದಿ ಉಂಡೆ. ರಾತ್ರಿ ಹನಿ ಬಿದ್ದಿದ್ದರಿಂದ ಮೆತ್ತಗಾಗಿದ್ದವು, ವಾಸನೆ ಮಾತ್ರ ಹಾಗೇ ಇತ್ತು. ಕಾಯಿ ಸಿಕ್ಕಿದರೆ ಬೇರೆ ಯಾವುದನ್ನೂ ನೋಡಬೇಕಾಗಿಲ್ಲ. ಬೂದು ರೋಮ ಹೊದ್ದ, ಬೀಜ ಬೀಜದ ನಡುವೆ ಕಿರಿದಾದ ಆ ಕಾಯಿ ಪೋಣಿಸಿದ ಮಣಿ ಸರದ ತರ ಇರುತ್ತೆ. ಅಲ್ಲೇ ಮೇಕೆ ಬಿಟ್ಟುಕೊಂಡು ಕೂತಿದ್ದ ಅಜ್ಜ, "ಏನ್ ಸ್ವಾಮಿ, ಜಾಲಿ ಎಲೆ ಎಣಿಸ್ತಾ ಕುಂತಿದೀರಾ? ಕಾಯಿ ಉದುರೋ ಕಾಲಕ್ಕೆ ಬನ್ನಿ, ಮೇಕೆನೇ ಹುಡುಕ್ಕೊಡ್ತಾವೆ" ಅಂದರು. ಮೇಕೆ ಹೊಟ್ಟೆಗೆ ಹೋಗಿ ಬಂದ ಬೀಜ ಬೇಗ ಮೊಳೆಯುತ್ತೆ ಅನ್ನೋದೂ ಅವರಿಗೆ ಗೊತ್ತಿತ್ತು.

ಭೂತಗನ್ನಡಿಯಲ್ಲಿ ಒಂದು ಹೂವಿನ ತೊಟ್ಟು ತೋರಿಸಿದೆ. ಕರಿಜಾಲಿ ಹೂವಿನ ತೊಟ್ಟಿನ ಮಧ್ಯದಲ್ಲಿ, ಅಥವಾ ಸ್ವಲ್ಪ ಮೇಲೆ, ಸಣ್ಣ ಬಳೆಯಂಥದ್ದು ಕಾಣುತ್ತೆ. ತೋಟದ ಬೇಲಿಯಲ್ಲಿ ಬೆಳೆಯುವ ಕಸ್ತೂರಿ ಜಾಲಿಯಲ್ಲೂ ಅದೇ ಹಳದಿ ಉಂಡೆ, ಅದೇ ನೆಟ್ಟನೆ ಮುಳ್ಳು. ಆದರೆ ಆ ಬಳೆ ಹೂವಿಗೆ ತಾಗಿ ಕೆಳಗೇ ಅಡಗಿರುತ್ತೆ. ಅದು ಪೊದೆ, ಮರವಾಗಲ್ಲ. ಕಾಯಿ ದಪ್ಪ, ಉರುಟು. ಅಮೆರಿಕದ ಮೂಲದ ಗಿಡ, ಫ್ರಾನ್ಸಿನಲ್ಲಿ ಇದರ ಹೂವಿನಿಂದ ಸುಗಂಧ ತೆಗೆಯುತ್ತಿದ್ದರು.

ಬಿಳಿಜಾಲಿ ಈಗ ನೋಡಬೇಕು. ಹೊಲದ ಬದುವಿನ ಮರಗಳೆಲ್ಲ ತುದಿಯಲ್ಲಿ ದೊಡ್ಡ ದೊಡ್ಡ ಗೊಂಚಲು ಹೊತ್ತು ನಿಂತಿವೆ. ಉಂಡೆಗಳು ಕರಿಜಾಲಿಗಿಂತ ಚಿಕ್ಕವು, ಹಳದಿಯಲ್ಲ, ಕೆನೆ ಬಣ್ಣ. ತೊಗಟೆಯ ಬಿಳುಪಿಗೇ ಆ ಹೆಸರು. ಆ ತೊಗಟೆಯನ್ನು ಹಿಂದೆ ಸಾರಾಯಿ ಇಳಿಸುವಾಗ ಹಾಕುತ್ತಿದ್ದರು. ಕಾಯಿ ಚಪ್ಪಟೆ, ಕಿರಿದು, ಮೇಲೆ ಕಂದು ರೋಮ. ಅದು ಬೇಸಿಗೆಗೆ.

ರಸ್ತೆ ಪಕ್ಕ, ಬೀಳು ಜಮೀನಿನಲ್ಲಿ ಎಲ್ಲಿ ನೋಡಿದರೂ ಬಳ್ಳಾರಿ ಜಾಲಿ. ಹೆಸರಲ್ಲಿ ಜಾಲಿ ಇದ್ದರೂ ಇದು ಕಟ್ಟೆ ಬನ್ನಿಯ ದಾಯಾದಿ, 19ನೇ ಶತಮಾನದಲ್ಲಿ ಅಮೆರಿಕದಿಂದ ಬಂದದ್ದು. ಮುಳ್ಳು ನೆಟ್ಟಗಿದ್ದು ಹೂ ತೆನೆಯಾಗಿದ್ದರೆ ಇದೇ ಅಂದುಕೊಳ್ಳಿ. ಇನ್ನೂ ಅನುಮಾನ ಇದ್ದರೆ ತೆನೆಯಿಂದ ಒಂದೇ ಒಂದು ಹೂ ಬಿಡಿಸಿ ಕೇಸರ ಎಣಿಸಬೇಕು. ಮಗಳು ರಸ್ತೆ ಬದಿಯಲ್ಲೇ ಕೂತು ಸೂಜಿಯಲ್ಲಿ ಬಿಡಿಸಿ ಎಣಿಸಿದಳು. ಹತ್ತು. ಆಮೇಲೆ ಕರಿಜಾಲಿ ಉಂಡೆಯಿಂದ ಒಂದು ಹೂ ಕಿತ್ತು ಶುರು ಮಾಡಿದಳು, ಮೂವತ್ತು ದಾಟಿದ ಮೇಲೆ "ಸಾಕು ಚಿಕ್ಕಪ್ಪ" ಅಂತ ಬಿಟ್ಟಳು. ಜಾಲಿ ಹೂ ಅಷ್ಟು ನವಿರಾಗಿ ಕಾಣೋದು ಆ ಕೇಸರಗಳಿಂದಲೇ. ದಳ ಇರುತ್ತೆ, ಕಣ್ಣಿಗೆ ಬೀಳಲ್ಲ ಅಷ್ಟೇ.

ಕೊಕ್ಕೆ ಮುಳ್ಳಿನ ಪರಿಚಯ ಕಗ್ಗಲಿ ಮಾಡಿಸಿತು. ಪ್ರತಿ ಗೆಣ್ಣಿನಲ್ಲಿ ಎರಡೆರಡು, ಕೆಳಮುಖವಾಗಿ ಬಾಗಿದವು. ಒಳಗೆ ಕೈ ಹಾಕಲು ಬಿಡುತ್ತೆ, ವಾಪಸ್ ತೆಗೆಯಲು ಬಿಡಲ್ಲ. ನನ್ನ ಅಂಗಿ ತೋಳು ಹೋಯಿತು. ಎಲೆ ಮಾತ್ರ ಬಲು ನಯ, ಹತ್ತರಿಂದ ಮೂವತ್ತು ಜೋಡಿ ಕಡ್ಡಿ, ಎಲೆಗಳು ಎಣಿಸಲಾರದಷ್ಟು ಚಿಕ್ಕವು. ಹೂ ಬಿಟ್ಟಾಗ ಕೆನೆ ಬಣ್ಣದ ತೆನೆ. ಈಗ ಕಾಯಿ ಕಾಲ: ತೆಳ್ಳಗೆ, ಚಪ್ಪಟೆ, ತುದಿ ಚೂಪು. ಇದರ ಕೆಂಪು ಚೇಗನ್ನು ಚಕ್ಕೆ ಮಾಡಿ ಕುದಿಸಿದರೆ ಎಲೆ ಅಡಿಕೆಗೆ ಹಾಕುವ ಕಾಚು.

ಹಾಗಾದರೆ ನೆಟ್ಟನೆ ಮುಳ್ಳಿಗೆ ಉಂಡೆ, ಕೊಕ್ಕೆ ಮುಳ್ಳಿಗೆ ತೆನೆ, ಅಲ್ವಾ ಅಂದಳು. ಬಳ್ಳಾರಿ ಜಾಲಿ ಬಿಟ್ಟರೆ ಬಹುಮಟ್ಟಿಗೆ ಹೌದು. ಆದರೆ ಸೀಗೆ ಒಪ್ಪಲ್ಲ. ಅದು ಬಳ್ಳಿ, ಕೊಕ್ಕೆ ಮುಳ್ಳು ಮೈತುಂಬಾ ಚದುರಿರುತ್ತೆ, ಹೂ ಮಾತ್ರ ಉಂಡೆ. ಒಣಗಿದರೆ ಸುಕ್ಕುಗಟ್ಟುವ ಕಾಯಿ ಎಲ್ಲರ ಮನೇಲೂ ಇದ್ದೇ ಇರುತ್ತೆ. ಹುಳಿ ಚಿಗುರಿನ ಚಟ್ನಿ ಚೆನ್ನಾಗಿರುತ್ತೆ, ಆದರೆ ಈ ಬಯಲಿನಲ್ಲಿ ಸಿಗಲ್ಲ.

ಮಧ್ಯಾಹ್ನ ಮನೆಗೆ ಬಂದು ಪೇಪರ್ ಮಡಿಚಿ ಒತ್ತಿಡುವಾಗ ಚೀಟಿಯ ಮೇಲೆ ಯಾವ ಹೆಸರು ಬರೆಯೋದು ಅನ್ನೋ ಪ್ರಶ್ನೆ ಬಂತು. ಹಳೇ ಪುಸ್ತಕದಲ್ಲಿ ಕರಿಜಾಲಿ ಅಕೇಶಿಯಾ ನಿಲೋಟಿಕಾ. ಹೊಸದರಲ್ಲಿ ವಾಚೆಲಿಯಾ ನಿಲೋಟಿಕಾ. ಕಗ್ಗಲಿ, ಗುಡ್ಡದ ಬನ್ನಿ, ಸೀಗೆ ಮೂರೂ ಸೆನೆಗೇಲಿಯಾ ಆಗಿವೆ. 2005ರಲ್ಲಿ ವಿಯೆನ್ನಾದಲ್ಲಿ ಸೇರಿದ ಸಸ್ಯವಿಜ್ಞಾನಿಗಳು ಅಕೇಶಿಯಾ ಹೆಸರನ್ನು ಆಸ್ಟ್ರೇಲಿಯಾದ ಮರಗಳಿಗೆ ಬಿಟ್ಟುಕೊಟ್ಟರು, 2011ರಲ್ಲಿ ಮೆಲ್ಬರ್ನ್‌ನಲ್ಲಿ ಅದೇ ಗಟ್ಟಿಯಾಯಿತು. ಅಲ್ಲಿ ಸಾವಿರದಷ್ಟು ಜಾತಿಗಳಿವೆ, ಅಷ್ಟರ ಹೆಸರು ಬದಲಿಸೋದಕ್ಕಿಂತ ಇದು ಸುಲಭ ಅನ್ನೋ ಲೆಕ್ಕ. ಅಲ್ಲಿಯವರೆಗೆ ಆ ಕುಲಕ್ಕೇ ಮಾದರಿಯಾಗಿದ್ದ ಮರ ನಮ್ಮ ಕರಿಜಾಲಿ! ನನಗಂತೂ ಅದು ಅನ್ಯಾಯ ಅನ್ನಿಸುತ್ತೆ. ಈಗಿನ ಲೆಕ್ಕದಲ್ಲಿ ಮಲೆನಾಡಿನವರು ಬೈಯುವ ನೆಡುತೋಪಿನ ಅಕೇಶಿಯಾ ಒಂದೇ ನಿಜವಾದ ಅಕೇಶಿಯಾ. ಅದಕ್ಕೆ ಮುಳ್ಳೂ ಇಲ್ಲ, ಎಲೆಯೂ ಇಲ್ಲ. ಎಲೆ ಅಂದುಕೊಳ್ಳುವುದು ಚಪ್ಪಟೆಯಾದ ತೊಟ್ಟು. ಆಗ ತಾನೇ ಮೊಳೆತ ಸಸಿಯಲ್ಲಿ ಮಾತ್ರ ಜಾಲಿಯಂಥ ಸೀಳೆಲೆ ಕಾಣುತ್ತೆ.

ಎರಡೂ ಹೆಸರು ಬರಿ, ಆದರೆ ಮೇಲೆ ಕರಿಜಾಲಿ ಅಂತ ದಪ್ಪಗೆ ಬರಿ ಅಂದೆ. ಊರು, ತಾರೀಕು, ತೊಗಟೆಯ ಬಣ್ಣ, ಹೂವಿನ ಬಣ್ಣ ಎಲ್ಲಾ ಸೇರಿಸಿದ್ದಾಳೆ. ಒಣಗಿದ ಮೇಲೆ ಈ ಪುಟ್ಟ ಎಲೆಗಳು ಉದುರಿ ಬರೀ ಕಡ್ಡಿ ಉಳಿಯುತ್ತೆ. ಅದಕ್ಕೆ ಉದುರಿದ್ದನ್ನು ಹಾಕಿಡಲು ಪ್ರತಿ ಹಾಳೆಗೂ ಒಂದು ಲಕೋಟೆ ಅಂಟಿಸಿದೆವು. ಬಿಳಿಜಾಲಿ ಹಾಳೆಯಲ್ಲಿ ಕಾಯಿಗೆ ಜಾಗ ಬಿಟ್ಟಿದೆ, ಮೇ ತಿಂಗಳಲ್ಲಿ ತಂದು ಹಾಕಬೇಕು.