ಅರ್ಕಾವತ್ತಿಗೆ ಇನ್‌ವಾಯ್ಸ್ ಇಲ್ಲ

"ಅವರು ನಮ್ಮನ್ನೇನಾದರೂ ಕೇಳಿದ್ದಾರಾ, ಸರ್?"

ಲೆಕ್ಕಪತ್ರ ವಿಭಾಗದ ಮೇಡಂ ಸೋಮವಾರ ಕೇಳಿದ ಈ ಪ್ರಶ್ನೆ ವಾರ ಮುಗಿಯುತ್ತ ಬಂದರೂ ನನ್ನ ಬೆನ್ನು ಬಿಟ್ಟಿಲ್ಲ. ಅದರಲ್ಲಿ ಕೊಂಕು ಇರಲಿಲ್ಲ. ಯಾರೂ ಬಿಲ್ಲು ಕಳಿಸದಿರುವಾಗ, ಪುಸ್ತಕದಲ್ಲಿ ಯಾವ ಬಾಕಿಯೂ ಕಾಣದಿರುವಾಗ, ಒಬ್ಬ ಅಪರಿಚಿತನಿಗೆ ಕಂಪನಿಯ ದುಡ್ಡು ಕೊಡಿ ಎಂದು ಇಬ್ಬರು ಎಂಜಿನಿಯರುಗಳು ಬಂದು ಮೇಜಿನ ಮುಂದೆ ನಿಂತರೆ ಲೆಕ್ಕ ಬಲ್ಲ ಯಾರಾದರೂ ಮೊದಲು ಕೇಳುವುದು ಇದನ್ನೇ. ಓಪನ್ ಸೋರ್ಸ್, ಅಂದರೆ ಯಾರು ಬೇಕಾದರೂ ಕೋಡ್ ನೋಡಿ, ಬಳಸಿ, ತಿದ್ದಬಹುದಾದ ತಂತ್ರಾಂಶದ ಕುರಿತು ಕಚೇರಿಯಲ್ಲಿ, ಕಚೇರಿಯ ಕೆಳಗಿನ ದರ್ಶಿನಿಯಲ್ಲಿ, ಮೆಟ್ರೋದಲ್ಲಿ ನಾನು ಕೇಳಿರುವ ಲೆಕ್ಕವಿಲ್ಲದಷ್ಟು ವಾದಗಳಲ್ಲಿ ಇಷ್ಟು ನೇರವಾದ ಮಾತನ್ನು ಯಾರೂ ಆಡಿದ್ದು ನೆನಪಿಲ್ಲ.

ನಮ್ಮದು ಜಯನಗರದ ಒಂದು ಚಿಕ್ಕ ಸಾಫ್ಟ್‌ವೇರ್ ಕಂಪನಿ. ಪತ್ತಿನ ಸಹಕಾರ ಸಂಘಗಳಿಗೆ ಲೆಕ್ಕದ ತಂತ್ರಾಂಶ ಮಾಡಿಕೊಡುತ್ತೇವೆ. ಠೇವಣಿ ರಸೀದಿ, ಸಾಲದ ನೋಟಿಸು, ವಾರ್ಷಿಕ ಸಭೆಯ ತಿಳಿವಳಿಕೆ ಪತ್ರ, ಎಲ್ಲವೂ ಕನ್ನಡದಲ್ಲಿ ಪಿಡಿಎಫ್ ಆಗಿ ಹೊರಬರಬೇಕು. ಆ ಪಿಡಿಎಫ್ ತಯಾರಿಸುವ ಕೋಡ್ ನಮ್ಮದಲ್ಲ; ಯುರೋಪಿನಲ್ಲೆಲ್ಲೋ ಇರುವ ಒಬ್ಬರು ತಮ್ಮ ಬಿಡುವಿನ ವೇಳೆಯಲ್ಲಿ ನೋಡಿಕೊಳ್ಳುವ, ಯಾರು ಬೇಕಾದರೂ ಪುಕ್ಕಟೆ ಬಳಸಬಹುದೆನ್ನುವ ಎಂಐಟಿ ಲೈಸೆನ್ಸಿನ ಪುಟ್ಟ ಲೈಬ್ರರಿಯೊಂದು (ಬೇರೆ ತಂತ್ರಾಂಶಗಳು ಎತ್ತಿ ಬಳಸಿಕೊಳ್ಳುವ ಸಿದ್ಧ ಕೋಡ್) ಆ ಕೆಲಸ ಮಾಡುತ್ತದೆ. ಇತ್ತೀಚೆಗೆ ನಾವು ಅದರ ಹೊಸ ಆವೃತ್ತಿಗೆ ಹೋದೆವು. ಮರುದಿನವೇ ಒಂದು ಸಂಘದ ಕಾರ್ಯದರ್ಶಿಗಳು ಫೋನ್ ಮಾಡಿ, "ನನ್ನ ಹುದ್ದೆಯನ್ನೇ ಮುರಿದು ಹಾಕಿದ್ದೀರಲ್ರೀ" ಎಂದರು. ರಸೀದಿಯ ಕೊನೆಯಲ್ಲಿ, ಅವರ ಸಹಿಯ ಕೆಳಗೆ, ‘ಕಾರ್ಯದರ್ಶಿ’ ಎಂದಿರಬೇಕಾದ ಕಡೆ ‘ಕಾರ್‌ಯದರ್‌ಶಿ’ ಎಂದು ಮೂಡಿತ್ತು. ಮಿಕ್ಕ ಒತ್ತಕ್ಷರಗಳೆಲ್ಲ ನೆಟ್ಟಗಿದ್ದವು. ಅರ್ಕಾವತ್ತು ಮಾತ್ರ ಎಲ್ಲಿಯೂ ಇರಲಿಲ್ಲ.

ಕಂಪ್ಯೂಟರಿನ ಒಳಗೆ ಕನ್ನಡ ಕೂತಿರುವ ಕ್ರಮ ಬೇರೆ, ಕಾಗದದ ಮೇಲೆ ಕಾಣುವ ಕ್ರಮ ಬೇರೆ. ಕಂಪ್ಯೂಟರುಗಳಲ್ಲಿ ಎಲ್ಲ ಲಿಪಿಗಳನ್ನೂ ಬರೆದಿಡುವ ಮಾನದಂಡವಾದ ಯೂನಿಕೋಡಿನಲ್ಲಿ ‘ರ್ಯ’ ಎಂದರೆ ಮೊದಲು ರಕಾರ, ಅನಂತರ ಅರ್ಧಾಕ್ಷರದ ಚಿಹ್ನೆ, ಆಮೇಲೆ ಯಕಾರ. ಅಂದರೆ ನಾವು ಉಚ್ಚರಿಸುವ ಕ್ರಮವೇ. ಕಣ್ಣಿಗೆ ಮಾತ್ರ ಯಕಾರ ಮುಂದೆ ಬಂದು, ರಕಾರವು ಅರ್ಕಾವತ್ತಾಗಿ ಅದರ ಬಲಕ್ಕೆ ಹೋಗಿ ಕೂರಬೇಕು. ಈ ಸ್ಥಳ ಬದಲಾವಣೆ ಫಾಂಟ್ ಒಂದರಿಂದಲೇ ಆಗುವುದಲ್ಲ. ಅಕ್ಷರಗಳನ್ನು ಜೋಡಿಸಿಕೊಡುವ ಮತ್ತೊಂದು ತಂತ್ರಾಂಶ ನಡುವೆ ಬೇಕು. ಫೈರ್‌ಫಾಕ್ಸ್, ಕ್ರೋಮ್, ಆಂಡ್ರಾಯ್ಡ್, ಲಿಬ್ರೆಆಫೀಸ್‌ಗಳಲ್ಲಿ ಅದನ್ನು ಮಾಡುವುದು ಹಾರ್ಫ್‌ಬಜ್ ಎಂಬ, ಅದೂ ಓಪನ್ ಸೋರ್ಸ್ ಆಗಿರುವ, ಲೈಬ್ರರಿ. ಪಿಡಿಎಫ್‌ನಲ್ಲಿ ಅಕ್ಷರಗಳ ಆಕಾರವೂ ಜಾಗವೂ ಕಡತ ತಯಾರಾಗುವಾಗಲೇ ತೀರ್ಮಾನವಾಗಿಬಿಡುವುದರಿಂದ, ಅಲ್ಲಿ ತಪ್ಪಿದ ಅರ್ಕಾವತ್ತನ್ನು ಆಮೇಲೆ ಯಾವ ಪ್ರಿಂಟರೂ ಸರಿಮಾಡಲಾರದು.

ನಮ್ಮ ತಂಡದ ಕಿರಿಯ ಹುಡುಗ ಆ ಲೈಬ್ರರಿಯ ಪುಟದಲ್ಲಿ ದೂರು ಬರೆದ. ಹಳೆಯ ಮತ್ತು ಹೊಸ ರಸೀದಿಯ ಎರಡು ಚಿತ್ರಗಳನ್ನು ಅಂಟಿಸಿ, ‘ನಮ್ಮ ಪ್ರೊಡಕ್ಷನ್ ನಿಂತಿದೆ, ಯಾವಾಗ ಸರಿಯಾಗುತ್ತದೆ ತಿಳಿಸಿ’ ಎಂಬರ್ಥದ ಎರಡು ಸಾಲನ್ನು ಇಂಗ್ಲಿಷಿನಲ್ಲಿ ಹಾಕಿದ. ಈತ ಬಿಎಂಟಿಸಿ ಬಸ್ಸಿನಲ್ಲಿ ಹಿರಿಯರನ್ನು ಕಂಡರೆ ಕೇಳುವ ಮೊದಲೇ ಎದ್ದು ಸೀಟು ಬಿಡುವ ಹುಡುಗ. ಆದರೆ ಬರೆಯಲು ಕೂತಾಗ ಅವನ ದನಿ, ಕೆಟ್ಟ ಫ್ರಿಜ್ಜಿನ ಬಗ್ಗೆ ಅಂಗಡಿಯವನಿಗೆ ದೂರು ಕೊಡುವ ಗಿರಾಕಿಯದಾಗಿತ್ತು. ಇದು ಅವನೊಬ್ಬನ ದೋಷವೆಂದು ನಾನು ಹೇಳಲಾರೆ. ನಮ್ಮ ಉದ್ಯೋಗವೇ ಈ ಭಾಷೆಯನ್ನು ಕಲಿಸಿಕೊಟ್ಟಿದೆ. ಅವನು ಅದನ್ನು ಚೆನ್ನಾಗಿ ಕಲಿತಿದ್ದಾನೆ, ಅಷ್ಟೆ.

ಕೆಲವು ದಿನಗಳ ಮೇಲೆ ಉತ್ತರ ಬಂತು. ‘ಈ ಲಿಪಿ ನನಗೆ ಓದಲು ಬರುವುದಿಲ್ಲ. ನಿಮ್ಮ ಎರಡು ಚಿತ್ರಗಳಲ್ಲಿ ವ್ಯತ್ಯಾಸವಿರುವುದು ಕಾಣುತ್ತಿದೆ, ಆದರೆ ಯಾವುದು ಸರಿ ಎಂಬುದು ತಿಳಿಯುತ್ತಿಲ್ಲ. ಓದಬಲ್ಲವರು ಯಾರಾದರೂ ಹೇಳಿದರೆ, ಮುಂದೆ ಕೆಡದಂತೆ ಅದನ್ನು ಪರೀಕ್ಷೆಗಳಲ್ಲಿ ಸೇರಿಸುತ್ತೇನೆ.’ ಇಷ್ಟೇ. ಬೇಸರವಿಲ್ಲ, ಬುದ್ಧಿವಾದವಿಲ್ಲ. ತಾನು ಓದಲಾರದ ಲಿಪಿಯಲ್ಲಿ, ತಾನು ಎಂದೂ ನೋಡದ ಊರಿನ ಸಹಕಾರ ಸಂಘದ ರಸೀದಿ ಸರಿಯಾಗಿ ಮುದ್ರಣವಾಗಲಿ ಎಂದು ಒಬ್ಬ ಮನುಷ್ಯ ತನ್ನ ಸಂಜೆಯನ್ನು ಕೊಡಲು ಸಿದ್ಧನಿದ್ದಾನೆ. ಅವನಿಗೆ ಬೇಕಾದದ್ದು ಒಂದು ಮಾತು.

ಆ ಮಾತನ್ನು ಕಳಿಸುವ ಬದಲು ನಾವು ವಾದಕ್ಕೆ ಕೂತೆವು. ಕೂತೆವು ಎನ್ನುವುದು ಸರಿಯಲ್ಲ, ದರ್ಶಿನಿಯ ಕಟ್ಟೆಗೆ ಒರಗಿ ನಿಂತೆವು. ಅಲ್ಲಿ ನಮ್ಮ ಹಿರಿಯ ಸಹೋದ್ಯೋಗಿಯೊಬ್ಬರದು ಮೊದಲ ಮಾತು. ‘ಲಿನಕ್ಸ್ ಬೆಂಗಳೂರು’ ಸಮ್ಮೇಳನದ ಕಾಲದಿಂದ, 2005ರಲ್ಲಿ ಅದು ಫಾಸ್.ಇನ್ ಎಂದು ಹೆಸರು ಬದಲಿಸಿಕೊಂಡ ಮೇಲೂ, ತಪ್ಪದೆ ಹೋಗುತ್ತಿದ್ದವರು ಅವರು. ಹಂಚುವವರು ಮೂಲ ಕೋಡನ್ನೂ ತೆರೆದಿಡಬೇಕೆನ್ನುವ ಜಿಪಿಎಲ್ ಲೈಸೆನ್ಸ್ ಬಿಟ್ಟರೆ ಉಳಿದದ್ದೆಲ್ಲ ಕಂಪನಿಗಳಿಗೆ ಮಾಡಿದ ಬಿಟ್ಟಿ ಚಾಕರಿ ಎಂಬುದು ಅವರ ಸಿದ್ಧಾಂತ. ಅವರನ್ನು ವಾದದಲ್ಲಿ ಸೋಲಿಸಿದವರನ್ನು ನಾನು ಕಂಡಿಲ್ಲ. ಅವರು ಯಾವುದೇ ಯೋಜನೆಗೆ ಒಂದು ಪ್ಯಾಚ್, ಅಂದರೆ ಕೋಡಿನ ಒಂದು ತಿದ್ದುಪಡಿ, ಕಳಿಸಿದ್ದನ್ನೂ ಕಂಡಿರಲಿಲ್ಲ. ಎದುರಿಗಿದ್ದ ಇನ್ನೊಬ್ಬರು, ಒಬ್ಬನೇ ನೋಡಿಕೊಳ್ಳುವ ಲೈಬ್ರರಿಯನ್ನು ನಂಬಿದ್ದೇ ತಪ್ಪು, ದುಡ್ಡು ಕೊಟ್ಟು ದೊಡ್ಡದನ್ನು ಕೊಳ್ಳಬೇಕಿತ್ತು ಎಂದರು. ದೊಡ್ಡವರನ್ನು ನಂಬಿದವರ ಕಥೆ ಕೇಳಿ ಎಂದು ಹಿರಿಯರು ಶುರುಮಾಡಿದರು: 2023ರ ಆಗಸ್ಟಿನಲ್ಲಿ ಸರ್ವರುಗಳನ್ನು ಸಜ್ಜುಗೊಳಿಸುವ ಟೆರಾಫಾರ್ಮ್ ತಂತ್ರಾಂಶದ ಲೈಸೆನ್ಸ್ ಬಿಗಿಯಾಗಿ, ಅದರ ಹಳೆಯ ಕೋಡಿನಿಂದ ಓಪನ್‌ಟೋಫು ಹುಟ್ಟಿದ್ದು, 2024ರ ಮಾರ್ಚಿನಲ್ಲಿ ದತ್ತಾಂಶ ಸಂಗ್ರಹಿಸುವ ರೆಡಿಸ್ ತನ್ನ ಉದಾರವಾದ ಬಿಎಸ್‌ಡಿ ಲೈಸೆನ್ಸನ್ನು ಕೈಬಿಟ್ಟದ್ದು, ಅದೇ ತಿಂಗಳು ಓಪನ್ ಸೋರ್ಸ್ ಯೋಜನೆಗಳಿಗೆ ಆಸರೆಯಾದ ಲಿನಕ್ಸ್ ಫೌಂಡೇಶನ್ನಿನ ಆಶ್ರಯದಲ್ಲಿ ರೆಡಿಸ್ಸಿನ ಹಳೆಯ ಕೋಡಿನಿಂದಲೇ ವಾಲ್ಕೀ ತಲೆಯೆತ್ತಿದ್ದು, 2025ರ ಮೇ ತಿಂಗಳಲ್ಲಿ ರೆಡಿಸ್ ಜಿಪಿಎಲ್ ಜಾತಿಯ ಎಜಿಪಿಎಲ್ ಲೈಸೆನ್ಸಿನ ಆಯ್ಕೆಯೊಂದಿಗೆ ಮತ್ತೆ ಓಪನ್ ಸೋರ್ಸ್ ಕಡೆಗೆ ಮರಳಿದ್ದು. ಮೂರನೆಯವರು, ಇದೆಲ್ಲ ಯಾಕೆ, ಎಐಗೆ ಹೇಳಿದರೆ ಇಂಥ ಲೈಬ್ರರಿಯನ್ನು ಒಂದು ಮಧ್ಯಾಹ್ನದಲ್ಲಿ ಬರೆದುಕೊಡುತ್ತದೆ ಎಂದರು. ಬರೆದುಕೊಟ್ಟದ್ದನ್ನು ಹತ್ತು ವರ್ಷ ಯಾರು ನೋಡಿಕೊಳ್ಳಬೇಕು ಎಂಬ ಪ್ರಶ್ನೆ ಬರುವಷ್ಟರಲ್ಲಿ ಕಾಫಿ ಮುಗಿದಿತ್ತು.

ಈ ಸಂಗತಿಗಳೆಲ್ಲ ನಿಜವೇ, ಆದರೆ ಅವು ಕಂಪನಿ ಕಂಪನಿಗಳ ನಡುವಿನ ಜಗಳಗಳು. ನಮ್ಮ ಲೈಬ್ರರಿಯ ಮನುಷ್ಯ ಅವುಗಳಲ್ಲಿ ಯಾವ ಪಕ್ಷದಲ್ಲೂ ಇಲ್ಲ. ಅವರ ಎಂಐಟಿ ಲೈಸೆನ್ಸ್ ಕೆಲವೇ ಪ್ಯಾರಾಗಳದ್ದು. ತಂತ್ರಾಂಶವನ್ನು ಇದ್ದ ಹಾಗೆ ಕೊಡಲಾಗಿದೆ, ಯಾವ ಖಾತರಿಯೂ ಇಲ್ಲ ಎಂದು ಅದರಲ್ಲಿ ದೊಡ್ಡಕ್ಷರಗಳಲ್ಲಿಯೇ ಬರೆದಿದೆ. ಹಿರಿಯರ ಜಿಪಿಎಲ್ ಇದ್ದಿದ್ದರೂ ಅದು ವಿತರಿಸುವವರಿಂದ ಮೂಲ ಕೋಡನ್ನು ಕೇಳುತ್ತಿತ್ತೇ ಹೊರತು, ಬಳಸುವವರು ಹಣ ಕೊಡಬೇಕೆಂದಾಗಲಿ, ಕೇಳಿದ ಪ್ರಶ್ನೆಗೆ ಉತ್ತರಿಸಬೇಕೆಂದಾಗಲಿ ಹೇಳುತ್ತಿರಲಿಲ್ಲ. ನಮ್ಮ ಕಡೆಯ ನಡವಳಿಕೆ ಹೇಗಿರಬೇಕೆಂಬುದನ್ನು ಯಾವ ಲೈಸೆನ್ಸೂ ಬರೆದುಕೊಡುವುದಿಲ್ಲ. ಬಹುಶಃ ಅದಕ್ಕೇ ನಾವು ಲೈಸೆನ್ಸಿನ ಬಗ್ಗೆ ಮಾತ್ರ ವಾದ ಮಾಡುತ್ತೇವೆ.

ಸೋಮವಾರ ಹುಡುಗನನ್ನು ಕರೆದುಕೊಂಡು ನಾನು ಲೆಕ್ಕಪತ್ರ ವಿಭಾಗಕ್ಕೆ ಹೋದದ್ದು, ಆ ಲೈಬ್ರರಿಗೆ ತಿಂಗಳಿಗೆ ಒಂದಿಷ್ಟು ಹಣ ಕೊಡೋಣವೆಂದು. ಮೇಡಂ ಹೊಸ ವೆಂಡರ್ ನೋಂದಣಿಯ ಫಾರಂ ತೆಗೆದು, ಪೆನ್ನಿನ ತುದಿಯಿಂದ ಒಂದೊಂದೇ ಕಾಲಂ ತೋರಿಸುತ್ತ ಹೋದರು: ಜಿಎಸ್‌ಟಿ ನಂಬರ್, ಪ್ಯಾನ್, ರದ್ದು ಮಾಡಿದ ಚೆಕ್ಕು, ಮೂರು ಕೊಟೇಶನ್. "ಇದೇ ಲೈಬ್ರರಿಯನ್ನ ಇನ್ನೂ ಇಬ್ಬರು ಫ್ರೀಯಾಗಿ ಕೊಡ್ತೀನಿ ಅಂತ ಬರೆದುಕೊಡ್ತಾರಾ ಸರ್?" ಎಂದು ಪೂರ್ತಿ ಗಂಭೀರವಾಗಿಯೇ ಕೇಳಿದರು. ವಿದೇಶಕ್ಕೆ ಹಣ ಹೋಗುವುದಾದರೆ ತೆರಿಗೆಯ ಕಾಗದಗಳು, ಬ್ಯಾಂಕು ಕೇಳಿದರೆ ಲೆಕ್ಕಪರಿಶೋಧಕರ ಪ್ರಮಾಣಪತ್ರ, ಅದಕ್ಕೆ ಅವರ ಶುಲ್ಕ. ನಾವು ಕೊಡಬೇಕೆಂದಿದ್ದ ಮೊತ್ತಕ್ಕಿಂತ ಆ ಶುಲ್ಕವೇ ಹೆಚ್ಚಾಗುವಂತಿತ್ತು. ನಾನು ಸುಮ್ಮನಿರಲಾರದೆ ಉಪನ್ಯಾಸ ಆರಂಭಿಸಿದೆ. 2014ರ ಏಪ್ರಿಲಿನಲ್ಲಿ ಹಾರ್ಟ್‌ಬ್ಲೀಡ್ ದೋಷ ಹೊರಬಿದ್ದಾಗ, ಜಗತ್ತಿನ ಅದೆಷ್ಟೋ ಸರ್ವರ್‌ಗಳು ತಮ್ಮ ಸಂಪರ್ಕಗಳನ್ನು ಗುಪ್ತವಾಗಿಡಲು ನಂಬಿಕೊಂಡಿದ್ದ ಓಪನ್‌ಎಸ್‌ಎಸ್‌ಎಲ್‌ಗೆ ವರ್ಷಕ್ಕೆ ಬರುತ್ತಿದ್ದ ದೇಣಿಗೆ ಸುಮಾರು 2,000 ಡಾಲರ್ ಮಾತ್ರ ಎಂದು ತಿಳಿದದ್ದನ್ನು, ಆಮೇಲೆ ದೊಡ್ಡ ಕಂಪನಿಗಳು ಲಿನಕ್ಸ್ ಫೌಂಡೇಶನ್ ಮೂಲಕ ಹಣ ಕೂಡಿಸಲು ಓಡಿಬಂದದ್ದನ್ನು ವಿವರಿಸಿದೆ. ಮನಸ್ಸಿದ್ದರೆ ಮಾರ್ಗ ಎನ್ನುವುದಕ್ಕೆ ನಮ್ಮ ಊರಿನಲ್ಲೇ ಉದಾಹರಣೆ ಇದೆ, ಝೆರೋಧಾದವರು 2024ರಲ್ಲಿ ಓಪನ್ ಸೋರ್ಸ್ ಯೋಜನೆಗಳಿಗೆಂದೇ ವರ್ಷಕ್ಕೆ 10 ಲಕ್ಷ ಡಾಲರಿನ ನಿಧಿ ಪ್ರಕಟಿಸಿದರು ಎಂದೂ ಹೇಳಿದೆ. ಮೇಡಂ ತಾಳ್ಮೆಯಿಂದ ಕೇಳಿಸಿಕೊಂಡು, ಕೊನೆಗೆ ಆ ಪ್ರಶ್ನೆ ಹಾಕಿದರು. ಅವರು ನಮ್ಮನ್ನೇನಾದರೂ ಕೇಳಿದ್ದಾರಾ?

"ದುಡ್ಡು ಕೇಳಿಲ್ಲ ಮೇಡಂ," ಎಂದದ್ದು ನಾನಲ್ಲ, ಪಕ್ಕದಲ್ಲಿದ್ದ ಹುಡುಗ. "ಯಾವ ಚಿತ್ರ ಸರಿ ಅಂತ ಕೇಳಿದ್ದಾರೆ."

"ಅಷ್ಟೇನಾ? ಹೇಳಿಬಿಡಿ. ಅದಕ್ಕೆ ಪರ್ಚೇಸ್ ಆರ್ಡರ್ ಯಾಕೆ?"

ನಗಬೇಕೆನ್ನಿಸಿತು, ಆದರೆ ನಗಲಾಗಲಿಲ್ಲ. ಸಂಜೆ ಸೌತ್ ಎಂಡ್ ಸರ್ಕಲ್ಲಿನವರೆಗೆ ನಡೆದು ಹೋಗುವಾಗ ತಲೆಯಲ್ಲಿ ಇದ್ದದ್ದು ಎಕ್ಸ್‌ಝಡ್ ಪ್ರಕರಣ. ಲಿನಕ್ಸ್ ವ್ಯವಸ್ಥೆಗಳಲ್ಲಿ ಹೆಚ್ಚುಕಡಿಮೆ ಎಲ್ಲೆಡೆ ಇರುವ, ಕಡತಗಳನ್ನು ಕುಗ್ಗಿಸುವ ಆ ತಂತ್ರಾಂಶವನ್ನು ಫಿನ್ಲೆಂಡಿನ ಲಾಸ್ಸೆ ಕಾಲಿನ್ ವರ್ಷಗಟ್ಟಲೆ ಹೆಚ್ಚುಕಡಿಮೆ ಒಬ್ಬರೇ ನೋಡಿಕೊಂಡು ಬಂದಿದ್ದರು. 2022ರಲ್ಲಿ, ಕೆಲಸ ಯಾಕೆ ತಡ, ಆಗದಿದ್ದರೆ ಬೇರೆಯವರಿಗೆ ವಹಿಸಿ ಎಂಬ ಧಾಟಿಯ ಪತ್ರಗಳು ಸಾಲಾಗಿ ಬಂದಾಗ, ತಮ್ಮ ಮಾನಸಿಕ ಆರೋಗ್ಯ ಸರಿಯಿಲ್ಲವೆಂದೂ, ಇದು ಸಂಬಳವಿಲ್ಲದ ಹವ್ಯಾಸದ ಕೆಲಸವೆಂಬುದನ್ನು ನೆನಪಿಡುವುದು ಒಳ್ಳೆಯದೆಂದೂ ಅವರು ಎಲ್ಲರಿಗೂ ಕಾಣುವಂತೆ ಬರೆದಿದ್ದರು. ಕೇಳುವುದು ಎಂದರೆ ಇನ್ನು ಹೇಗೆ? ಅದನ್ನು ಬಳಸುತ್ತಿದ್ದ ದೊಡ್ಡ ದೊಡ್ಡ ಕಂಪನಿಗಳ ಮೇಜಿನ ಮೇಲೆ ಆ ಮಾತು ಯಾವ ಕಾಲಂನಲ್ಲೂ ಬೀಳಲಿಲ್ಲ. ಹೆಗಲು ಕೊಡಲು ಬಂದವನು ಜಿಯಾ ಟಾನ್ ಎಂಬ ಹೆಸರಿನವನು. 2021ರಿಂದಲೇ ತಾಳ್ಮೆಯಿಂದ ಪ್ಯಾಚುಗಳನ್ನು ಕಳಿಸಿ, ನಂಬಿಕೆ ಗಳಿಸಿ, ಜೊತೆ ನಿರ್ವಾಹಕನಾಗಿ, 2024ರ ಫೆಬ್ರವರಿಯ 5.6.0 ಆವೃತ್ತಿಯಲ್ಲಿ ಹಿಂಬಾಗಿಲು, ಅಂದರೆ ಬೇರೆಯವರ ಕಂಪ್ಯೂಟರಿಗೆ ಗುಟ್ಟಾಗಿ ನುಗ್ಗುವ ದಾರಿ, ಇಟ್ಟ. ಎಸ್‌ಎಸ್‌ಎಚ್ ಮೂಲಕ ದೂರದ ಕಂಪ್ಯೂಟರಿಗೆ ಲಾಗಿನ್ ಆಗುವುದು ಅರ್ಧ ಸೆಕೆಂಡ್ ಹೆಚ್ಚು ತೆಗೆದುಕೊಳ್ಳುತ್ತಿರುವುದನ್ನು ಗಮನಿಸಿ, ಅದರ ಬೆನ್ನು ಹತ್ತಿ, ಮಾರ್ಚ್ 29ರಂದು ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರ್ ಅದನ್ನು ಬಯಲು ಮಾಡಿದರು. ಆ ಪ್ರಕರಣವನ್ನು ಎಲ್ಲರೂ ಭದ್ರತೆಯ ಪಾಠವಾಗಿ ಚರ್ಚಿಸುತ್ತಾರೆ. ನನ್ನನ್ನು ಕಲಕುವುದು ಬೇರೆ: ಒಬ್ಬ ದಣಿದ ಮನುಷ್ಯನ ಮಾತನ್ನು ಗಮನವಿಟ್ಟು ಕೇಳಿಸಿಕೊಂಡವನು ಕಳ್ಳನೊಬ್ಬನೇ. ಒಳ್ಳೆಯವರು ಆಗಲೂ ಎಲ್ಲೋ ನಿಂತು ಲೈಸೆನ್ಸಿನ ಬಗ್ಗೆ ವಾದ ಮಾಡುತ್ತಿದ್ದಿರಬೇಕು.

ಉತ್ತರ ಕಳಿಸುವುದಕ್ಕೂ ನಮ್ಮಲ್ಲಿ ಒಂದು ತೊಡಕಿತ್ತು. ನೌಕರಿಯ ಕರಾರಿನ ಪ್ರಕಾರ ನಾವು ಬರೆಯುವ ಕೋಡ್ ಎಲ್ಲ ಕಂಪನಿಯದು. ಹೊರಗಿನ ಯೋಜನೆಗೆ ಕೊಡಬೇಕಾದರೆ ಪೂರ್ವಾನುಮತಿ ಬೇಕು. ಕಾನೂನು ಸಲಹೆಗಾರರು ಒಂದು ದಿನ ಯೋಚಿಸಿ, ಪದಗಳ ಪಟ್ಟಿ ಮತ್ತು ಚಿತ್ರಗಳಾದರೆ ಅಡ್ಡಿಯಿಲ್ಲ ಎಂದರು.

ಬುಧವಾರ ರಾತ್ರಿ ಹುಡುಗ ಪಟ್ಟಿ ಮಾಡಿದ. ಕಾರ್ಯದರ್ಶಿ, ಸೂರ್ಯ, ಧರ್ಮ, ವರ್ಷ, ಮಾರ್ಚ್. ಪ್ರತಿಯೊಂದರ ಎದುರು ಸರಿ ಚಿತ್ರ, ತಪ್ಪು ಚಿತ್ರ, ಈ ಸಲ ಹೆಸರು ಹಚ್ಚಿ. ಕಳಿಸುವ ಮುನ್ನ ಹಿರಿಯರಿಗೆ ತೋರಿಸಿದ. ಅವರು ಕನ್ನಡಕ ಏರಿಸಿ ನೋಡಿ, "ಇವೆಲ್ಲ ಸುಲಭದವು ಕಣಪ್ಪ, ಇವುಗಳಿಂದ ಏನೂ ಸಿಕ್ಕಿಬೀಳಲ್ಲ," ಎಂದು ತಾವೇ ಸೇರಿಸತೊಡಗಿದರು: ಸಾಮರ್ಥ್ಯ, ದೈರ್ಘ್ಯ, ಅರ್ಘ್ಯ. ಮೂರು ವ್ಯಂಜನಗಳ ಗುಂಪು, ಕೆಳಗೆ ಯಕಾರದ ಒತ್ತು, ಪಕ್ಕದಲ್ಲಿ ಅರ್ಕಾವತ್ತು. ಜೋಡಣೆ ಎಲ್ಲೇ ತಪ್ಪಿದರೂ ಇಂಥ ಪದದಲ್ಲಿ ಎದ್ದು ಕಾಣುತ್ತದೆ. ಅರ್ಧ ಗಂಟೆಯಲ್ಲಿ ಅವರು ನೆನಪಿನಿಂದಲೇ ಒಂದು ಪುಟ ತುಂಬಿಸಿದರು. ಇಷ್ಟು ವರ್ಷಗಳ ಅವರ ಜಿಪಿಎಲ್ ಭಾಷಣಗಳಲ್ಲಿ ನನಗೆ ಸಿಗದಿದ್ದ ಗೌರವ ಆ ಪುಟದ ಮೇಲೆ ಹುಟ್ಟಿತು. ಒಂದೇ ಒಂದು ಸಲವೂ ಲೈಸೆನ್ಸ್ ಎಂಬ ಪದ ಅವರ ಬಾಯಲ್ಲಿ ಬರಲಿಲ್ಲ ಎಂಬುದನ್ನೂ ದಾಖಲಿಸಬೇಕು.

ಶುಕ್ರವಾರ ಮರುತ್ತರ ಬಂದಿದೆ. ಹೊಸ ಆವೃತ್ತಿಯಲ್ಲಿ ಏನನ್ನೋ ಒಪ್ಪಮಾಡುವಾಗ ಕನ್ನಡಕ್ಕೆ ಸಂಬಂಧಿಸಿದ ಒಂದು ಸಾಲು ಬಿಟ್ಟುಹೋಗಿತ್ತಂತೆ. ಸರಿಪಡಿಸಿದ್ದಾರೆ, ನಮ್ಮ ಪದಗಳೆಲ್ಲ ಪರೀಕ್ಷೆಗೆ ಸೇರಿವೆ. ವೆಂಡರ್ ಫಾರಂ ಇನ್ನೂ ಬಾಕಿ ಕಡತಗಳ ನಡುವೆಯೇ ಇದೆ, ಅದನ್ನು ವಾಪಸು ಪಡೆಯುವ ಯೋಚನೆ ನನಗಿಲ್ಲ. ಜೊತೆಗೆ ಆ ಮನುಷ್ಯ ಹೊಸದೊಂದು ಪ್ರಶ್ನೆ ಕೇಳಿದ್ದಾರೆ. ಪಟ್ಟಿಯ ಕೊನೆಗೆ ಹಿರಿಯರು ‘ರ‍್ಯಾಂಕ್’ ಎಂಬ ಪದವನ್ನೂ ಹಾಕಿದ್ದರು. ಅದರಲ್ಲೂ ರಕಾರದ ಮುಂದೆ ಯಕಾರವೇ ಇರುವಾಗ ಇಲ್ಲಿ ಮಾತ್ರ ರಕಾರ ಪೂರ್ತಿಯಾಗಿ ನಿಂತು ಯಕಾರ ಕೆಳಗೆ ಹೋಗಿರುವುದು ಏಕೆ, ಇದು ಪಟ್ಟಿಯ ತಪ್ಪೇ ಎಂದು. ತಪ್ಪಲ್ಲ, ರಕಾರಕ್ಕೂ ಅರ್ಧಾಕ್ಷರದ ಚಿಹ್ನೆಗೂ ನಡುವೆ ಕಣ್ಣಿಗೆ ಕಾಣದ ಜೋಡಕವೊಂದನ್ನು ಇಟ್ಟರೆ ಅರ್ಕಾವತ್ತು ಆಗಕೂಡದು ಎಂದು ಯೂನಿಕೋಡ್ ನಿಯಮವಿದೆ. ಇದನ್ನು ಲಿಪಿ ತಿಳಿಯದವರಿಗೆ ಹೇಗೆ ವಿವರಿಸಬೇಕೆಂಬ ಬಗ್ಗೆ ದರ್ಶಿನಿಯಲ್ಲಿ ಈಗ ಹೊಸ ವಾದ ಶುರುವಾಗಿದೆ. ಕರಡು ಹುಡುಗನ ಬಳಿ ಇದೆ, ಸೋಮವಾರ ಕಳಿಸುತ್ತಾನೆ. ಹಿರಿಯರು ಅದಕ್ಕೆ ‘ರ‍್ಯಾಲಿ’ಯನ್ನೂ ಸೇರಿಸು ಎಂದಿದ್ದಾರೆ.