ರೋಥೆನ್‌ಬರ್ಗ್: ಮೊದಲು ಕೋಟೆಗೋಡೆ, ಆಮೇಲೆ ಕಣಿವೆ, ಚೌಕ ಸಂಜೆಗೆ

ಜರ್ಮನಿಯ ರೋಥೆನ್‌ಬರ್ಗ್‌ಗೆ ಬರುವವರಲ್ಲಿ ಬಹಳಷ್ಟು ಮಂದಿ ಬಸ್ಸಿಳಿದು ಚೌಕ ಸುತ್ತಿ, ಪ್ಲೋನ್‌ಲೈನ್ ಕವಲುದಾರಿಯ ಮುಂದೆ ಫೋಟೊ ತೆಗೆಸಿಕೊಂಡು ಮತ್ತೆ ಬಸ್ ಹತ್ತುತ್ತಾರೆ. ಊರು ಗುಡ್ಡದ ಅಂಚಿನಲ್ಲಿ ಹೇಗೆ ಕುಳಿತಿದೆ ಎನ್ನುವುದು ಅವರ ಕಣ್ಣಿಗೆ ಬೀಳುವುದೇ ಇಲ್ಲ. ಒಂದು ಪೂರ್ತಿ ದಿನವಿದ್ದರೆ ಇದನ್ನೇ ತಿರುವುಮುರುವು ಮಾಡಿ.

ಟಿಕೆಟ್ ತೆಗೆಯುವಾಗ ಊರಿನ ಹೆಸರನ್ನು ‘ರೋಥೆನ್‌ಬರ್ಗ್ ಓಬ್ ಡೇರ್ ತೌಬರ್’ ಎಂದು ಪೂರ್ತಿ ಹಾಕಿ. ಇದೇ ಹೆಸರಿನ ಊರುಗಳು ಬೇರೆ ಕಡೆಯೂ ಇವೆ. ವುರ್ಜ್‌ಬರ್ಗ್ ಕಡೆಯಿಂದಾಗಲಿ ನ್ಯೂರೆಂಬರ್ಗ್ ಕಡೆಯಿಂದಾಗಲಿ ಸ್ಟೈನಾಕ್‌ನಲ್ಲಿ ಇಳಿದು ಸಣ್ಣ ರೈಲು ಹಿಡಿಯಬೇಕು. ಅಲ್ಲಿಂದ ಕಾಲು ಗಂಟೆ. ಈ ರಾಜ್ಯದೊಳಗೆ ಒಂದು ದಿನ ಓಡಾಡಲು ಸಿಗುವ ಬವೇರಿಯಾ ಟಿಕೆಟ್ ಅಗ್ಗವೇನೋ ಹೌದು, ಆದರೆ ವಾರದ ದಿನಗಳಲ್ಲಿ ಬೆಳಿಗ್ಗೆ 9ರ ನಂತರವೇ ನಡೆಯುತ್ತದೆ, ವೇಗದ ಐಸಿಇ ರೈಲಿಗೆ ನಡೆಯುವುದಿಲ್ಲ, ಮತ್ತು ಅದರ ಮೇಲೆ ಪ್ರಯಾಣಿಕರ ಹೆಸರು ಇರಲೇಬೇಕು. ಗಾಲಿ ಸೂಟ್‌ಕೇಸ್ ತಂದರೆ ಕಲ್ಲುಹಾಸಿನ ಬೀದಿಯಲ್ಲಿ ಎಳೆಯುವಷ್ಟರಲ್ಲಿ ತೋಳು ಸೋಲುತ್ತದೆ.

ನಿಲ್ದಾಣದಿಂದ ಹತ್ತು ನಿಮಿಷ ನಡೆದರೆ ರೋಡರ್ ಬಾಗಿಲು. ಅಲ್ಲಿಯೇ ಮೆಟ್ಟಿಲು ಹತ್ತಿ ಗೋಡೆಯ ಮೇಲೆ ಹೋಗಬಹುದು, ದುಡ್ಡಿಲ್ಲ. ಮೇಲೆ ಹೆಂಚಿನ ಮಾಡು ಇರುವುದರಿಂದ ಮಳೆಯಲ್ಲೂ ನಡೆಯಬಹುದು. ದಾರಿ ಕಿರಿದು, ಎದುರು ಬಂದವರಿಗೆ ಭುಜ ತಿರುಗಿಸಿ ಜಾಗ ಬಿಡಬೇಕು. ಎತ್ತರದವರು ತೊಲೆಗಳಿಗೆ ತಲೆ ತಾಗದಂತೆ ನೋಡಿಕೊಳ್ಳಬೇಕು. ಗೋಡೆಯಲ್ಲಿ ಅಲ್ಲಲ್ಲಿ ಹೆಸರು ಕೆತ್ತಿದ ಕಲ್ಲುಗಳಿವೆ: ವ್ಯಕ್ತಿ ಅಥವಾ ಸಂಸ್ಥೆ, ಎಷ್ಟು ಮೀಟರ್ ಎಂಬ ಲೆಕ್ಕ. 1945ರ ಮಾರ್ಚ್ 31ರಂದು ಬಿದ್ದ ಬಾಂಬುಗಳಿಂದ ಊರಿನ ಪೂರ್ವಭಾಗ ಸುಟ್ಟುಹೋಯಿತು. ಆಮೇಲೆ ಗೋಡೆ ಎಬ್ಬಿಸಲು ಮೀಟರ್ ಲೆಕ್ಕದಲ್ಲಿ ಹಣ ಕೊಟ್ಟವರ ಹೆಸರುಗಳಿವು, ಜಪಾನಿನವರದ್ದೂ ಸಾಕಷ್ಟಿವೆ. ಹಾಗಾಗಿ ಈ ಬದಿಯಲ್ಲಿ ‘ಮಧ್ಯಯುಗದ ಮನೆ’ ಎಂದು ಜನ ಬೆರಗಾಗಿ ನೋಡುವ ಎಷ್ಟೋ ಮನೆಗಳು ಯುದ್ಧದ ನಂತರದವು. ಚೆನ್ನಾಗಿಯೇ ಕಟ್ಟಿದ್ದಾರೆ, ತಕರಾರಿಲ್ಲ.

ಸೇಂಟ್ ಜೇಕಬ್ ಚರ್ಚಿಗೆ ಟಿಕೆಟ್ ಇದೆ, ಕೊಟ್ಟದ್ದು ದಂಡವಲ್ಲ. ಒಳಗೆ ಬಂದವರು ಮುಂದಿನ ಬಲಿಪೀಠ ನೋಡಿ ಹೊರಟುಬಿಡುತ್ತಾರೆ. ನೋಡಬೇಕಾದದ್ದು ಹಿಂದೆ, ಪಶ್ಚಿಮದ ಮೆಟ್ಟಿಲು ಹತ್ತಿದರೆ ಸಿಗುವ ಉಪ್ಪರಿಗೆಯಲ್ಲಿ: ಶಿಲ್ಪಿ ಟಿಲ್‌ಮನ್ ರೀಮೆನ್‌ಶ್ನೈಡರ್ 1500ರ ಆಸುಪಾಸಿನಲ್ಲಿ ಲಿಂಡನ್ ಮರದಲ್ಲಿ ಕೆತ್ತಿದ, ಕ್ರಿಸ್ತ ಶಿಷ್ಯರೊಂದಿಗೆ ಮಾಡಿದ ಕೊನೆಯ ಭೋಜನ. ಬಣ್ಣ ಬಳಿದಿಲ್ಲ. ಕೆತ್ತನೆಯ ಬೆನ್ನಿಗೆ ಗಾಜಿನ ಕಿಟಕಿಗಳಿದ್ದು, ಬೆಳಕು ಮೂರ್ತಿಗಳ ಹಿಂದಿನಿಂದಲೂ ಬರುತ್ತದೆ. ನಟ್ಟನಡುವೆ ನಿಂತವನು ಕ್ರಿಸ್ತನಲ್ಲ, ಹಣದ ಚೀಲ ಹಿಡಿದ ಜೂಡಾಸ್, ಅವನಿಗೆ ದ್ರೋಹ ಬಗೆದ ಶಿಷ್ಯ. ಈ ಉಪ್ಪರಿಗೆಯ ಕೆಳಗೇ ರಸ್ತೆ ಹಾದುಹೋಗುತ್ತದೆ.

ಊಟಕ್ಕೆ ಸಸ್ಯಾಹಾರಿಗಳಿಗೆ ಚೀಸ್ ಹಾಕಿದ ಸ್ಪೆಟ್ಸ್‌ಲೆ (ಮೆತ್ತನೆಯ ಹಿಟ್ಟಿನ ನೂಡಲ್ಸ್) ಸುರಕ್ಷಿತ, ಮೊಟ್ಟೆ ಇರುತ್ತದೆ ಅಷ್ಟೇ. ಅಂಗಡಿಗಳ ಗಾಜಿನ ಹಿಂದೆ ಗುಡ್ಡೆಹಾಕಿದ ಶ್ನೇಬಾಲೆನ್ ಅಂದರೆ ಹಿಟ್ಟಿನ ಪಟ್ಟಿಗಳನ್ನು ಉಂಡೆಮಾಡಿ ಕರಿದು ಸಕ್ಕರೆ ಉದುರಿಸಿದ್ದು. ನಮ್ಮ ಚಿರೋಟಿಯ ಹಗುರ ಬಯಸಿದರೆ ನಿರಾಸೆಯೇ ಗತಿ. ಇಬ್ಬರಿಗೆ ಒಂದು ಸಾಕು.

ಮಧ್ಯಾಹ್ನ ಬಸ್ಸುಗಳ ಗದ್ದಲವಿರುವಾಗಲೇ ಕಣಿವೆಗಿಳಿಯಿರಿ. ಪ್ಲೋನ್‌ಲೈನ್ ಬಳಿ ಬಲಕ್ಕೆ ಇಳಿಜಾರಿನಲ್ಲಿರುವ ಕೊಬೋಲ್‌ಜೆಲ್ ಬಾಗಿಲು ದಾಟಿದರೆ ಕಡಿದಾದ ಹಾದಿ. ಎಲೆ ಉದುರುವ ಕಾಲದಲ್ಲಿ ಜಾರುತ್ತದೆ, ಹಿಡಿತವಿರುವ ಶೂ ಬೇಕು. ಕೆಳಗೆ ಎರಡಂತಸ್ತಿನ ಕಮಾನುಗಳ ಜೋಡಿಸೇತುವೆ. ಅದರ ಮೇಲೆ ನಿಂತು ತಿರುಗಿದರೆ ಗೋಡೆ, ಗೋಪುರ, ಹೆಂಚಿನ ಸಾಲು ಎಲ್ಲವೂ ಒಂದೇ ನೋಟಕ್ಕೆ ಸಿಗುತ್ತವೆ. ತೌಬರ್ ನದಿ ಹರಿಯುವ ದಿಕ್ಕಿಗೇ ನಡೆದರೆ ಟಾಪ್ಲರ್‌ನ ಪುಟ್ಟ ಕೋಟೆಮನೆ: 1388ರದ್ದು, ಕೆಳಗೆ ಸಣ್ಣ ಕಲ್ಲಿನ ಗೋಪುರ, ಅದರ ತಲೆಯ ಮೇಲೆ ಅಗಲವಾದ ಮನೆ. ಕಟ್ಟಿಸಿದ ಮೇಯರ್ ಹೈನ್‌ರಿಕ್ ಟಾಪ್ಲರ್ 1408ರಲ್ಲಿ ಇದೇ ಊರಿನ ಸೆರೆಯಲ್ಲಿ ಸತ್ತ. ಇನ್ನೂ ಮುಂದೆ ಡೆಟ್‌ವಾಂಗ್ ಹಳ್ಳಿ, ಅಲ್ಲಿನ ಚರ್ಚಿನಲ್ಲಿ ರೀಮೆನ್‌ಶ್ನೈಡರ್‌ನ ಇನ್ನೊಂದು ಕೆತ್ತನೆ. ಮರಳುವಾಗ ಪೂರ್ತಿ ಏರು. ಮೊಣಕಾಲು ನೋವಿರುವವರು ಡೆಟ್‌ವಾಂಗ್ ಬಿಟ್ಟುಬಿಡುವುದೇ ಒಳ್ಳೆಯದು.

ಸಂಜೆ ಐದರ ಮೇಲೆ ಚೌಕ ತೆರವಾಗುತ್ತದೆ. ಪುರಭವನದ ಗೋಪುರ ಹತ್ತುವುದಿದ್ದರೆ ಅದು ಮುಚ್ಚುವ ಸಮಯವನ್ನು ಮೊದಲೇ ನೋಡಿಕೊಳ್ಳಿ; 220 ಮೆಟ್ಟಿಲು. ಕೊನೆಗೆ ಏಣಿಯಂಥ ಹಂತ, ಒಬ್ಬರೇ ನುಸುಳುವ ಕಿಂಡಿ, ಇಳಿಯುವವರಿಗಾಗಿ ಕಾಯಲೇಬೇಕು; ಬೆನ್ನಚೀಲ ಕೆಳಗೇ ಯಾರ ಕೈಗಾದರೂ ಕೊಟ್ಟು ಹೋಗಿ. ರಾತ್ರಿ ಕಾವಲುಗಾರನ ವೇಷದ ಮಾರ್ಗದರ್ಶಿ ಜೊತೆ ಸುತ್ತುವ ಆಸೆಯಿದ್ದರೆ ಊರಲ್ಲೇ ಉಳಿಯಿರಿ. ರೈಲಿಗೇ ಹೋಗುವುದಾದರೆ ಕೊನೆಯ ಗಾಡಿಯ ಸಮಯವನ್ನು ಬೆಳಿಗ್ಗೆಯೇ ನೋಡಿಟ್ಟುಕೊಳ್ಳಿ, ಸ್ಟೈನಾಕ್‌ನಲ್ಲಿ ಮುಂದಿನ ರೈಲು ತಪ್ಪಿದರೆ ಕೂತು ಚಹಾ ಕುಡಿಯಲಿಕ್ಕೂ ಜಾಗವಿಲ್ಲ.