ಆ ಹೊದಿಕೆ ಯಾಕೆ ಇನ್ನೂ ಮುಚ್ಚಿಲ್ಲ ಅಂದ್ರೆ

ನಾವೇ ಕೈಯಾರೆ ಕಟ್ಟುತ್ತಿರುವ ವಿಮಾನದ ಒಂದು ತಗಡು ಎಂಟು ತಿಂಗಳಿಂದ ಕ್ಲೀಕೋ ಅನ್ನೋ ತಾತ್ಕಾಲಿಕ ಪಿನ್ನುಗಳ ಆಸರೆಯಲ್ಲೇ ನಿಂತಿದೆ. ಎಂಜಿನ್ ಹಿಂದಿನ ಫೈರ್‌ವಾಲ್‌ನಿಂದ ಮುಂದಿನ ಗಾಜಿನ ತನಕ ಬರುವ ಮೇಲ್ಹೊದಿಕೆ ಅದು. ನೋಡಲು ಬಂದವರೆಲ್ಲ ಅದನ್ನೇ ಕೇಳುತ್ತಾರೆ. "ಒಂದು ಸಂಜೆಯ ಕೆಲಸ ಅಲ್ವಾ? ರಿವೆಟ್ ಹೊಡೆದು ಮುಗಿಸಬಾರದಾ?" ನಿಜ, ಒಂದೇ ಸಂಜೆಯ ಕೆಲಸ. ಬಿಚ್ಚಬೇಕಾಗಿ ಬಂದರೆ ಮಾತ್ರ ಒಂದು ಸಂಜೆಗೆ ಮುಗಿಯುವುದಿಲ್ಲ.

ನಮ್ಮದು ಆರ್‌ವಿ-7 ಕಿಟ್. ಇಬ್ಬರು ಅಕ್ಕಪಕ್ಕ ಕೂರುವ ಅಲ್ಯೂಮಿನಿಯಂ ವಿಮಾನ. ಆರ್‌ವಿ ಅಂದರೆ ಈ ಸಾಲಿನ ವಿಮಾನಗಳನ್ನು ಶುರು ಮಾಡಿದ ರಿಚರ್ಡ್ ವ್ಯಾನ್‌ಗ್ರನ್ಸ್‌ವೆನ್ ಅವರ ಹೆಸರಿನ ಮೊದಲಕ್ಷರಗಳು. ಆರ್‌ವಿ ವಿಮಾನಗಳನ್ನು ಜನ ಕೈಯಾರೆ ಕಟ್ಟಿ 10,000ಕ್ಕೂ ಹೆಚ್ಚು ಹಾರಿಸಿದ್ದಾರೆ. ತಗಡುಗಳ ತೂತು ಕಾರ್ಖಾನೆಯಲ್ಲೇ ಬಿದ್ದಿರುತ್ತದೆ. ಜೋಡಿಸುವುದು, ತೂತನ್ನು ಸರಿಯಾದ ಅಳತೆಗೆ ತರುವುದು, ಅಂಚು ಉಜ್ಜುವುದು, ಪ್ರೈಮರ್ ಹಚ್ಚುವುದು, ರಿವೆಟ್ ಹೊಡೆಯುವುದು ನಮ್ಮ ಪಾಲು. ರಿವೆಟ್ ಬೀಳುವ ತನಕ ತಗಡನ್ನು ಹಿಡಿದುಕೊಳ್ಳುವ ಸ್ಪ್ರಿಂಗ್ ಪಿನ್ನೇ ಕ್ಲೀಕೋ. ಬೆಳ್ಳಿ ಬಣ್ಣದ್ದು 3/32 ಇಂಚಿನ ತೂತಿಗೆ, ತಾಮ್ರದ ಬಣ್ಣದ್ದು 1/8 ಇಂಚಿಗೆ. ಇಕ್ಕಳ ಒತ್ತಿದರೆ ಸಾಕು, ಹೊರಗೆ ಬರುತ್ತದೆ.

ರಿವೆಟ್ ಹಾಗಲ್ಲ. ಹೊರಗಿನಿಂದ ನಾನು ಗನ್ ಹಿಡಿಯುತ್ತೇನೆ, ಒಳಗಿನಿಂದ ಮಗಳು ಬಕ್ಕಿಂಗ್ ಬಾರ್ ಅನ್ನೋ ಲೋಹದ ಗಟ್ಟಿಯನ್ನು ಒತ್ತಿ ಹಿಡಿಯುತ್ತಾಳೆ. ಅವಳು "ಹೂಂ" ಅಂದ ಮೇಲೆ ಹೊಡೆತ ಶುರು. ಒಳಗಿನ ತುದಿ ಚಪ್ಪಟೆಯಾಗಿ ಅಂಗಿಯ ಗುಂಡಿಯ ಹಾಗೆ ಕೂರುತ್ತದೆ. ಅದರ ಅಗಲ ರಿವೆಟ್ ಕಾಂಡದ ದಪ್ಪದ ಒಂದೂವರೆ ಪಟ್ಟು ಇರಬೇಕು, ಎತ್ತರ ಆ ದಪ್ಪದ ಅರ್ಧದಷ್ಟು. ಕೆಟ್ಟರೆ ತಲೆಯ ನಡುವಿಗೆ ಡ್ರಿಲ್ ಇಟ್ಟು ಕೊರೆದು ತೆಗೆಯಬೇಕು. ಡ್ರಿಲ್ ಕೂದಲೆಳೆಯಷ್ಟು ವಾಲಿದರೂ ತೂತು ದೊಡ್ಡದಾಗುತ್ತದೆ. ಹೊಸ ರಿವೆಟ್ ಅಲ್ಲಿ ಮೊದಲಿನಷ್ಟು ಬಿಗಿಯಾಗಿ ಕೂರುವುದಿಲ್ಲ. ಸ್ವಲ್ಪ ಓರೆಯಾದ ರಿವೆಟ್ಟನ್ನು ಹಾಗೇ ಬಿಡುವುದು ಎಷ್ಟೋ ಸಲ ಒಳ್ಳೆಯದು. ಇದನ್ನು ನಾನು ಬಾಲದ ಭಾಗ ಕಟ್ಟುವಾಗಲೇ ಕಲಿತೆ.

ಆದರೂ ಲಗೇಜ್ ಇಡುವ ಜಾಗದ ನೆಲಹಾಸಿನ ತಗಡಿಗೆ ಅವಸರ ಮಾಡಿದೆ. ಒಂದೇ ಕಡೆಯಿಂದ ಕೂರಿಸುವ ಪಾಪ್ ರಿವೆಟ್ ಹೊಡೆದು ಮುಚ್ಚಿದೆ, ಖುಷಿಯಿಂದ ಫೋಟೋನೂ ತೆಗೆದೆ. ಮೂರು ವಾರ ಕಳೆದ ಮೇಲೆ ಬಾಲದ ಟ್ರಿಮ್ ಮೋಟರ್‌ಗೆ ಹೋಗುವ ವೈರಿನ ನೆನಪಾಯಿತು. ಅದು ಹಾದುಹೋಗುವ ತೂತಿನ ಅಂಚಿಗೆ ರಬ್ಬರ್ ಬಳೆ ಹಾಕಿದ್ದೇನಾ? ಸಣ್ಣ ಕನ್ನಡಿಯನ್ನು ಕಡ್ಡಿಗೆ ಕಟ್ಟಿ, ಟಾರ್ಚ್ ಬಿಟ್ಟು ನೋಡಿದೆ. ಹಾಕಿರಲಿಲ್ಲ. ತಗಡಿನ ಬರಿ ಅಂಚಿನ ಮೇಲೆ ವೈರ್ ಮಲಗಿತ್ತು. ಎಂಜಿನ್ ನಡುಕಕ್ಕೆ ಉಜ್ಜಿ ಉಜ್ಜಿ, ಒಂದಲ್ಲ ಒಂದು ದಿನ ಅದರ ಹೊರಪದರ ಹರಿದೇ ಹರಿಯುತ್ತದೆ.

ಆ ನೆಲವನ್ನು ಪೂರ್ತಿ ಬಿಚ್ಚಿದೆ. ಪಾಪ್ ರಿವೆಟ್ ಕೊರೆಯುವಾಗ ಒಳಗಿನ ಕಡ್ಡಿ ಚೂರುಗಳು ಕೆಳಗೆ ಬೀಳುತ್ತವೆ. ಅವನ್ನೆಲ್ಲ ಆಯಲೇಬೇಕು, ಇಲ್ಲದಿದ್ದರೆ ವಿಮಾನದ ಹೊಟ್ಟೆಯಲ್ಲಿ ಅಲೆಯುತ್ತಾ ಇರುತ್ತವೆ. ಮತ್ತೆ ಮುಚ್ಚುವಾಗ ರಿವೆಟ್ ಹೊಡೆಯಲಿಲ್ಲ, ಪ್ರತಿ ತೂತಿಗೂ ನಟ್‌ಪ್ಲೇಟ್, ಅಂದರೆ ತಗಡಿಗೇ ಕಚ್ಚಿಕೊಂಡಿರುವ ನಟ್, ಕೂರಿಸಿದೆ. ಒಂದೊಂದು ನಟ್‌ಪ್ಲೇಟಿಗೂ ಎರಡು ಪುಟ್ಟ ರಿವೆಟ್, ಒಂದು ಸ್ಕ್ರೂ. ತೂಕ ಸ್ವಲ್ಪ ಜಾಸ್ತಿ ಆಯಿತು. ಆಗಲಿ. ಈಗ ಆ ನೆಲವನ್ನು ಬರೀ ಸ್ಕ್ರೂಡ್ರೈವರಿನಿಂದ ಎತ್ತಬಹುದು.

ಮುಂದಿನ ಮೇಲ್ಹೊದಿಕೆಗೆ ಆ ದಾರಿ ಇಲ್ಲ. ನಾವು ಆರಿಸಿಕೊಂಡದ್ದು ಹಿಂದಕ್ಕೆ ಸರಿಯುವ ಕ್ಯಾನೊಪಿ, ಅಂದರೆ ತಲೆಯ ಮೇಲಿನ ಪಾರದರ್ಶಕ ಮುಚ್ಚಳ. ಅದಕ್ಕೆ ಮುಂದಿನ ಗಾಜು ಅಲುಗದೆ ಕೂರಬೇಕು, ಗಾಜಿನ ಕೆಳಗಂಚು ಇದೇ ಹೊದಿಕೆಯ ಮೇಲೆ ಅಂಟುತ್ತದೆ. ಒಮ್ಮೆ ರಿವೆಟ್ ಹೊಡೆದರೆ ಉಪಕರಣಗಳ ಪ್ಯಾನೆಲ್ ಹಿಂದಕ್ಕೆ ಮೇಲಿನಿಂದ ಕೈ ಹೋಗುವುದಿಲ್ಲ. ರಡ್ಡರ್ ಪೆಡಲ್‌ಗಳ ಹತ್ತಿರ ತಲೆ ಇಟ್ಟು, ಸೀಟಿನ ಮೇಲೆ ಕಾಲು ಹಾಕಿ, ಅಂಗಾತ ಮಲಗಿ, ಮುಖದ ಮೇಲೆ ಕೈ ಎತ್ತಿ ಕೆಲಸ ಮಾಡಬೇಕು.

ಈ ಹೊದಿಕೆಯಲ್ಲೇ ಒಂದು ಕಿಟಕಿ ಕತ್ತರಿಸಿ ಮುಚ್ಚಳ ಇಡುವವರೂ ಇದ್ದಾರೆ. ಎರಡು ವಾರ ಯೋಚಿಸಿ ಬೇಡ ಅಂದೆ. ಈ ತಗಡೂ ಭಾರ ಹೊರುತ್ತದೆ. ಕತ್ತರಿಸಿದರೆ ಅಂಚಿಗೆಲ್ಲ ಬಲ ಕೊಡಬೇಕು. ಮೇಲಾಗಿ ಮಳೆನೀರು ಇಳಿಯಲು ದಾರಿಯಾದರೆ ಅದು ನೇರವಾಗಿ ರೇಡಿಯೋ ಮೇಲೆ ಬೀಳುತ್ತದೆ.

ಅದಕ್ಕೆ ಬದಲು ನಾವು ಬೇರೆ ಒಂದು ಪರೀಕ್ಷೆ ಮಾಡುತ್ತೇವೆ. ಹೊದಿಕೆಯನ್ನು ಕ್ಲೀಕೋ ಹಾಕಿ ಪೂರ್ತಿ ಮುಚ್ಚುವುದು. ನಾನು ಕೆಳಗೆ ಮಲಗುವುದು, ಪ್ಯಾನೆಲ್ ಹಿಂದೆ ಬಿಚ್ಚಬೇಕಾಗಬಹುದಾದ ಹದಿನಾಲ್ಕು ಜೋಡಣೆಗಳ ಪಟ್ಟಿ ಹಿಡಿದು ಮಗಳು ಹೊರಗೆ ನಿಲ್ಲುವುದು. ಟಾರ್ಚ್ ಇಲ್ಲ, ಬರೀ ಕೈಯಿಂದ ತಡವಿ ಹುಡುಕಬೇಕು.

"ಟ್ರಾನ್ಸ್‌ಪಾಂಡರ್?"

"ಸಿಕ್ತು. ಬಿಚ್ಚಿದೆ."

"ಜಿಪಿಎಸ್ ಆಂಟೆನಾ?"

"ಸಿಕ್ತು."

"ಇಂಟರ್‌ಕಾಮ್?"

"ಸ್ವಲ್ಪ ಇರಮ್ಮ... ಬೆರಳು ಮುಟ್ತಿದೆ, ಸ್ಕ್ರೂ ತಿರುಗ್ತಿಲ್ಲ."

"ಹಾಗಾದ್ರೆ ಫೇಲ್ ಅಂತ ಬರೀತೀನಿ ಅಪ್ಪಾ."

ಮೊದಲ ಸಲ ಹದಿನಾಲ್ಕರಲ್ಲಿ ಐದು ಫೇಲ್. ಇಂಟರ್‌ಕಾಮ್ ಡಬ್ಬಿಯನ್ನು ಒಂದು ಗೇಣು ಕೆಳಕ್ಕೆ ತಂದೆ. ಸ್ಕ್ರೂಡ್ರೈವರ್ ಬೇಡುತ್ತಿದ್ದ ಕನೆಕ್ಟರ್‌ಗಳಿಗೆಲ್ಲ ಬೆರಳಲ್ಲೇ ತಿರುಗಿಸುವ ಸ್ಕ್ರೂ ಹಾಕಿದೆ. ಉಪಕರಣ ಹೊರಗೆಳೆದ ಮೇಲೆ ಬಿಚ್ಚಲು ಬರುವ ಹಾಗೆ ಪ್ರತಿ ವೈರ್ ಕಟ್ಟಿನಲ್ಲೂ ಒಂದು ಸುತ್ತು ಉದ್ದ ಬಿಟ್ಟೆ. ಜಾಗ ಬದಲಾಯಿಸಲು ಬಾರದ್ದು ಎಎಚ್‌ಆರ್‌ಎಸ್ ಒಂದೇ. ವಿಮಾನ ಎಷ್ಟು ವಾಲಿದೆ, ಮೂಗು ಎಷ್ಟು ಎತ್ತಿದೆ ಅಂತ ಪರದೆಗೆ ತಿಳಿಸುವ ಡಬ್ಬಿ ಅದು. ವಿಮಾನದ ಉದ್ದಕ್ಕೆ ನೆಟ್ಟಗೆ, ಅಲುಗಾಡದ ಹಾಗೆ ಕೂರಬೇಕು. ಅದನ್ನು ಇದ್ದಲ್ಲೇ ಬಿಟ್ಟು, ಸುತ್ತಲಿನ ವೈರುಗಳನ್ನು ಪಕ್ಕಕ್ಕೆ ಕಟ್ಟಿ ಕೈಗೆ ದಾರಿ ಮಾಡಿದೆ.

ಕನೆಕ್ಟರ್ ಪಿನ್ನುಗಳ ಬಗ್ಗೆ ಒಂದು ಮಾತು ಹೇಳಲೇಬೇಕು, ನನಗೆ ತುಂಬ ಇಷ್ಟವಾದ ಕೆಲಸ ಅದು. 22 ಗೇಜಿನ, ಟೆಫ್ಜೆಲ್ ಪ್ಲಾಸ್ಟಿಕ್ ಹೊದಿಕೆಯ ವೈರಿನ ತುದಿ ಸುಲಿದರೆ ಬೆಳ್ಳನೆ ಹೊಳೆಯುವ ಎಳೆಗಳು ಕಾಣುತ್ತವೆ. ತಾಮ್ರದ ಮೇಲೆ ತವರದ ಲೇಪ ಇರುತ್ತದೆ. ಆ ಎಳೆಗಳನ್ನು ಅಕ್ಕಿಕಾಳಿನಷ್ಟು ಸಪೂರ ಕೊಳವೆಯಂಥ ಪಿನ್ನಿನೊಳಗೆ ಕಳಿಸಬೇಕು. ಪಿನ್ನಿನ ಪಕ್ಕದಲ್ಲಿ ಸೂಜಿಮೊನೆಯಷ್ಟು ಒಂದು ಕಿಂಡಿ ಇರುತ್ತದೆ. ಎಳೆ ಆ ಕಿಂಡಿಯಲ್ಲಿ ಕಂಡರೆ ಮಾತ್ರ ಪೂರ್ತಿ ಒಳಗೆ ಹೋಗಿದೆ ಎಂದರ್ಥ. ಆಮೇಲೆ ಕ್ರಿಂಪರ್ ನಾಲ್ಕು ಕಡೆಯಿಂದ ಒಂದೇ ಸಲಕ್ಕೆ ಕಚ್ಚುತ್ತದೆ. ಒಂದೂ ಎಳೆ ಹೊರಗೆ ಉಳಿದಿಲ್ಲ ಅಂತ ಭೂತಗನ್ನಡಿಯಲ್ಲಿ ನೋಡಿ, ಕೈಯಿಂದ ಒಮ್ಮೆ ಜಗ್ಗಿ, ಆಮೇಲೆ ಕನೆಕ್ಟರ್‌ಗೆ ಹಾಕುತ್ತೇನೆ. ಸರಿಯಾಗಿ ಕೂತರೆ "ಟಿಕ್" ಅನ್ನುತ್ತದೆ. ಆ ಸದ್ದು ಕೇಳಿಸದ ಪಿನ್ನನ್ನು ನಾನು ನಂಬುವುದಿಲ್ಲ.

ಆಡಿಯೋದ ಗ್ರೌಂಡ್ ವೈರುಗಳನ್ನೆಲ್ಲ ಒಂದೇ ಜಾಗಕ್ಕೆ ತಂದಿದ್ದೇನೆ. ಅಲ್ಲೊಂದು ಇಲ್ಲೊಂದು ತಗಡಿಗೆ ಕಚ್ಚಿಸಿದರೆ ಹೆಡ್‌ಸೆಟ್‌ನಲ್ಲಿ ಆಲ್ಟರ್ನೇಟರ್ ಗುಂಯ್‌ಗುಡುವುದು ಕೇಳುತ್ತದೆ. ಮುಚ್ಚಿದ ಮೇಲೆ ಅದರ ಮೂಲ ಹುಡುಕುವುದು ಕಷ್ಟ. ಫೈರ್‌ವಾಲ್ ದಾಟುವ ಪ್ರತಿ ತೂತಿಗೂ ಬೆಂಕಿ ತಡೆಯುವ ಸೀಲಂಟ್ ತುಂಬಿದ್ದೇನೆ. ಒಳಗಡೆಯಿಂದ ಅದು ಸರಿಯಾಗಿ ತುಂಬಿದೆಯಾ ಅಂತ ಮೇಲಿನಿಂದ ನೋಡಲು ಈಗ ಮಾತ್ರ ಸಾಧ್ಯ.

ರೆಕ್ಕೆಯ ಇಂಧನ ಟ್ಯಾಂಕ್ ಮುಚ್ಚುವಾಗಲೂ ಇದೇ ಆತಂಕ ಇತ್ತು. ಹಿಂದಿನ ಗೋಡೆಯನ್ನು ಸೀಲಂಟ್ ಹಚ್ಚಿ ರಿವೆಟ್ ಮಾಡಿದ ಮೇಲೆ ಒಳಗೆ ಏನಿದೆ ಅಂತ ಕಾಣುವುದಿಲ್ಲ. ಟ್ಯಾಂಕಿಗೆ ಒಂಚೂರು ಗಾಳಿ ತುಂಬಿ, ಕೊಳವೆಗೆ ಬಲೂನ್ ಕಟ್ಟಿ ಬಿಟ್ಟೆವು. ಬೆಳಿಗ್ಗೆ ಬಂದು ನೋಡಿದರೆ ಬಲೂನ್ ಸೊರಗಿತ್ತು. ನನ್ನ ಎದೆ ಧಸಕ್ ಅಂತು. ಸೋಪುನೀರು ಹಚ್ಚಿ ಹುಡುಕಿದರೆ ಎಲ್ಲೂ ಗುಳ್ಳೆ ಇಲ್ಲ. ಮಧ್ಯಾಹ್ನ ಬಿಸಿಲೇರಿದಾಗ ಬಲೂನ್ ತಾನಾಗಿಯೇ ಮತ್ತೆ ಉಬ್ಬಿತು. ರಾತ್ರಿಯ ತಂಪಿಗೆ ಒಳಗಿನ ಗಾಳಿ ಕುಗ್ಗಿತ್ತು, ಅಷ್ಟೇ.

ಕಳೆದ ಭಾನುವಾರ ಕೈ ಪರೀಕ್ಷೆ ಮತ್ತೆ ಮಾಡಿದೆವು. ಹದಿನಾಲ್ಕಕ್ಕೆ ಹದಿಮೂರು ಪಾಸ್. ಉಳಿದದ್ದು ಹೊರಗಿನ ಗಾಳಿಯ ಒತ್ತಡ ತರುವ ಸ್ಟ್ಯಾಟಿಕ್ ಟ್ಯೂಬಿನ ಒಂದು ಜೋಡಣೆ, ಎತ್ತರ ತೋರಿಸುವ ಪರದೆಯ ಬೆನ್ನಿಗೆ ಹೋಗುವುದು. ಅದನ್ನು ನನ್ನ ದಪ್ಪ ಬೆರಳುಗಳು ತಿರುಗಿಸಲಾರವು. "ನಾನು ನೋಡ್ತೀನಿ" ಅಂತ ಮಗಳೇ ಕೆಳಗೆ ನುಸುಳಿದಳು. ಅರ್ಧ ನಿಮಿಷದಲ್ಲಿ ಬಿಚ್ಚಿ, ಮತ್ತೆ ಹಾಕಿಯೂ ಬಿಟ್ಟಳು. ಆದರೂ ಪಟ್ಟಿಯಲ್ಲಿ ಅದರ ಮುಂದೆ ಫೇಲ್ ಅಂತಲೇ ಬರೆಸಿದೆ. ಅವಳು ಮುಂದೆ ಓದಲು ಬೇರೆ ಕಡೆ ಹೋಗುವವಳು. ಈ ವಾರ ಆ ಟ್ಯೂಬನ್ನು ಮೂರು ಇಂಚು ಉದ್ದ ಮಾಡಿ ಎಡಕ್ಕೆ ತಿರುಗಿಸುತ್ತೇನೆ. ಕ್ಲೀಕೋಗಳು ಅಲ್ಲಿಯ ತನಕ ಇರಲಿ.